ಪಿನ್ನು, ಬಾಳೆಹಣ್ಣು, ಅರಬೈಲ್ ಘಟ್ಟ

ಬಹಳ ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ, ಬೈಯಬೇಡಿ :)

ಹೋದ ತಿಂಗಳು ಅಂಕೋಲೆಯಲ್ಲಿ ಅಕ್ಕನ ಮಗ ಸೇಫ್ಟಿ ಪಿನ್ ನುಂಗಿಬಿಟ್ಟ. ಒಂದೂವರೆ ವರ್ಷದವನು. ಅದೂ ಬಾಯಿ ತೆರೆದಿದ್ದ ಪಿನ್ನು. ಆಯಿ ಗಾಬರಿಯಲ್ಲಿ ಬಾಳೆಹಣ್ಣು ಸುಲಿಯುತ್ತಿದ್ದಳಂತೆ. ಮೀನಿನ ಮುಳ್ಳು ಸಿಕ್ಕಿಕೊಂಡರೆ ಅನ್ನದ ಉಂಡೆ ನುಂಗಿಸುವವರಲ್ಲವೇ ನಾವು! ಪುಣ್ಯಕ್ಕೆ ಅಕ್ಕ ತಡೆದಳು. ಮೇಲಿಂದ ಒತ್ತಿದರೆ ತುದಿ ಅನ್ನನಾಳಕ್ಕೇ ಚುಚ್ಚೀತು. ಮೇಲಾಗಿ ಅರಿವಳಿಕೆ ಕೊಡಲು ಹೊಟ್ಟೆ ಖಾಲಿ ಇರಬೇಕು. ವಾಂತಿ ಮಾಡಿಸುವುದೂ ಬೇಡ.

ಕಾರವಾರಕ್ಕೆ ಓಡಿದರು. ಎಕ್ಸ್‌ರೇಯಲ್ಲಿ ಪಿನ್ನು ಅನ್ನನಾಳದಲ್ಲೇ ಇತ್ತು. "ಇಲ್ಲಿ ಆಗಲ್ಲ, ಹುಬ್ಬಳ್ಳಿಗೆ ಹೋಗಿ" ಅಂದರು. ಬಂದ ದಾರಿಯಲ್ಲೇ ತಿರುಗಿ ಅಂಕೋಲೆ, ಅಲ್ಲಿಂದ ರಾತ್ರಿಯಲ್ಲಿ ಅರಬೈಲ್ ಘಟ್ಟ, ಯಲ್ಲಾಪುರ... ಬೆಂಗಳೂರಲ್ಲಿ ಕೂತ ನಾನು ಮಾಡಿದ್ದು ಗೂಗಲ್ ಒಂದೇ. ಚೂಪಾದ ವಸ್ತು ಅನ್ನನಾಳದಲ್ಲಿದ್ದರೆ 2 ಗಂಟೆಯೊಳಗೆ, ಹೊಟ್ಟೆಯಲ್ಲಿದ್ದರೆ 24 ಗಂಟೆಯೊಳಗೆ ತೆಗೆಯಬೇಕು ಅಂತ ಯುರೋಪಿನ ಮಕ್ಕಳ ವೈದ್ಯರ ಮಾರ್ಗಸೂಚಿ ಹೇಳುತ್ತದೆ. ಅದನ್ನು ಓದುವಾಗ ಅವರಿನ್ನೂ ಘಟ್ಟದಲ್ಲಿದ್ದರು. ಅಕ್ಕನಿಗೆ ಹೇಳಲಿಲ್ಲ.

ಕ್ಯಾಮೆರಾ ಇರುವ ತೆಳು ಕೊಳವೆಯನ್ನು ಬಾಯಿಂದ ಇಳಿಸಿ, ಚಿಮಟದಿಂದ ಹಿಡಿದು ತೆಗೆಯುತ್ತಾರೆ. ಇವನ ಪಿನ್ನಿನ ತುದಿ ಮೇಲ್ಮುಖವಾಗಿತ್ತು. ಹಾಗೇ ಎಳೆದರೆ ಸೀಳುತ್ತದೆ. ಅದಕ್ಕೆ ಮೊದಲು ಮೆಲ್ಲಗೆ ಹೊಟ್ಟೆಗೆ ಇಳಿಸಿ, ಅಲ್ಲಿ ತಿರುಗಿಸಿ, ಚೂಪು ಹಿಂದೆ ಬರುವಂತೆ ಹೊರತೆಗೆದರು. ನೂರು ವರ್ಷದ ಹಿಂದೆ ಅಮೆರಿಕದ ಶೆವಲಿಯರ್ ಜಾಕ್ಸನ್ ಕಲಿಸಿದ್ದೂ ಇದನ್ನೇ. ಆ ಪುಣ್ಯಾತ್ಮ ಹೊರತೆಗೆದು ಜೋಪಾನ ಮಾಡಿದ 2,374 ವಸ್ತುಗಳು ಈಗ ಫಿಲಡೆಲ್ಫಿಯಾದ ಮ್ಯೂಸಿಯಂ ಒಂದರಲ್ಲಿವೆ.

2022ರ ಜುಲೈನಲ್ಲಿ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಹೊನ್ನಾವರದ ರೋಗಿಯಿದ್ದ ಆಂಬುಲೆನ್ಸ್ ಪಲ್ಟಿಯಾಗಿ ನಾಲ್ವರು ಸತ್ತಾಗ ನಮ್ಮ ಜಿಲ್ಲೆಯಿಡೀ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೇಳಿತು. 2024ರ ಜುಲೈ 16ರಂದು ನಮ್ಮ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಮಣಿಪಾಲದ ಹೆದ್ದಾರಿಯೇ ದಿನಗಟ್ಟಲೆ ಬಂದ್ ಆಯಿತು. ಎರಡೂ ಶಿರೂರೇ ನೋಡಿ.

ದೊಡ್ಡ ಆಸ್ಪತ್ರೆ ಬರಲಿ, ಬೇಡ ಅನ್ನಲ್ಲ. ಆದರೆ ಕಟ್ಟಡಕ್ಕೂ, ಮಷೀನಿಗೂ ಮುಂಚೆ ನಾನು ಕೇಳುವುದು ಮನುಷ್ಯರನ್ನು. ಸರ್ವರ್ ತಂದಿಟ್ಟು ರಾತ್ರಿ ನೋಡಿಕೊಳ್ಳಲು ಯಾರೂ ಇಲ್ಲದಿದ್ದರೆ ಏನಾಗುತ್ತದೆಂದು ನಮ್ಮಂಥ ಸಾಫ್ಟ್‌ವೇರಿನವರಿಗೆ ಗೊತ್ತು. ಎಳೆ ಮಗುವಿಗೆ ಅರಿವಳಿಕೆ ಕೊಡಬಲ್ಲವರು, ಸಣ್ಣ ಕೊಳವೆ, ಅದನ್ನು ಆಡಿಸಿ ಪಳಗಿದ ಕೈ, ಇಷ್ಟು ಕಾರವಾರದಲ್ಲಿ ರಾತ್ರಿ ಎರಡು ಗಂಟೆಗೂ ಸಿಗಬೇಕು.

ಹುಡುಗ ಆರಾಮಿದ್ದಾನೆ. ಆಯಿ ಮಾತ್ರ ಮನೆಯಲ್ಲಿದ್ದ ಪಿನ್ನುಗಳನ್ನೆಲ್ಲ ಡಬ್ಬಿಗೆ ಹಾಕಿ ಅಟ್ಟಕ್ಕೆ ಏರಿಸಿದ್ದಾಳೆ.