ಮೂಲ ಶ್ರುತಿಯೆಂಬ ಹುಸಿ ಮರ್ಯಾದೆ

ಜಪಾನಿನ ಕರೋಕೆ ಕೋಣೆಯಲ್ಲಿ ಮೈಕಿನ ಪಕ್ಕದಲ್ಲೇ ಒಂದು ರಿಮೋಟ್ ಇರುತ್ತದೆ. ಅದರಲ್ಲಿ ಹಾಡು ಹುಡುಕಬಹುದು, ಶ್ರುತಿಯನ್ನು ಅರ್ಧರ್ಧ ಸ್ವರದಷ್ಟು ಏರಿಸಬಹುದು, ಇಳಿಸಬಹುದು. ಹಾಡು ಹುಡುಕಲು ಯಾರಿಗೂ ಸಂಕೋಚವಿಲ್ಲ. ಶ್ರುತಿ ಇಳಿಸುವ ಗುಂಡಿಯ ಹತ್ತಿರ ಹೋದಾಗ ಮಾತ್ರ ಬೆರಳು ಹಿಂಜರಿಯುತ್ತದೆ. ಅದೂ ರಾಕ್ ಬ್ಯಾಂಡಿನ ಹಾಡಾದರೆ ಕೇಳುವುದೇ ಬೇಡ. 'ಗೆನ್ ಕೀ', ಅಂದರೆ ಧ್ವನಿಮುದ್ರಿಕೆಯಲ್ಲಿರುವ ಮೂಲ ಶ್ರುತಿ, ಅಲ್ಲಿ ಒಂದು ಮರ್ಯಾದೆಯ ಪ್ರಶ್ನೆ. ಇಳಿಸಿದವನು ಸೋತವನು, ಗಂಟಲು ಹರಿದರೂ ಸರಿ, ಮೂಲದಲ್ಲೇ ಹಾಡಿದವನು ಗಂಡು.

ಈ ಮರ್ಯಾದೆ ಹುಸಿ. ಹುಸಿ ಎಂಬುದಕ್ಕೆ ಕರೋಕೆಯ ಹುಟ್ಟೇ ಸಾಕ್ಷಿ.

ಇನೋವೆ ದೈಸುಕೆ ಕೋಬೆ ನಗರದ ಬಾರುಗಳಲ್ಲಿ ಗಿರಾಕಿಗಳ ಹಾಡಿಗೆ ವಾದ್ಯ ನುಡಿಸುತ್ತಿದ್ದವರು. ಸಣ್ಣ ಉಕ್ಕಿನ ಕಂಪನಿಯೊಂದರ ಯಜಮಾನ ಬಿಸಿನೀರಿನ ಬುಗ್ಗೆಯ ಊರಿಗೆ ಪ್ರವಾಸ ಹೊರಟಾಗ, ಅಲ್ಲಿ ತನ್ನ ಹಾಡಿಗೆ ನುಡಿಸಲು ಬರಬೇಕೆಂದು ಇನೋವೆಯವರನ್ನು ಕರೆದ. ಅವರಿಗೆ ಹೋಗಲಾಗಲಿಲ್ಲ. ಬದಲಿಗೆ ಆ ಯಜಮಾನನ ಹಾಡುಗಾರಿಕೆಗೆ ಹೊಂದುವಂತೆ ವಾದ್ಯ ನುಡಿಸಿ, ಟೇಪಿನಲ್ಲಿ ಮುದ್ರಿಸಿ ಕೊಟ್ಟರು. 1971ರಲ್ಲಿ ಅವರು ಬಾರುಗಳಿಗೆ ಬಾಡಿಗೆಗೆ ಕೊಟ್ಟ, ನೂರು ಯೆನ್ ನಾಣ್ಯ ಹಾಕಿದರೆ ನುಡಿಯುವ ಯಂತ್ರದ ಹಿಂದೆ ಇದ್ದದ್ದು ಇದೇ ಯೋಚನೆ. ಕರೋಕೆ ಎಂದರೆ 'ಬರಿದಾದ ಆರ್ಕೆಸ್ಟ್ರಾ'. ಹಾಡುವವನಿಗೆ ಜಾಗ ಬಿಟ್ಟ ವಾದ್ಯಮೇಳ. ವಾದ್ಯವೇ ಗಂಟಲಿನ ಹತ್ತಿರ ಬಂದದ್ದರಿಂದ ಈ ಕಲೆ ಹುಟ್ಟಿತು. ಗಂಟಲೇ ವಾದ್ಯದ ಹಿಂದೆ ಏದುಸಿರು ಬಿಡುತ್ತ ಓಡಬೇಕೆಂಬ ಇಂದಿನ ಹಟ ಆ ಹುಟ್ಟಿಗೇ ಬೆನ್ನು ತಿರುಗಿಸುತ್ತದೆ.

ಈ ಹಟದ ಬೆಲೆ ತೆರುವವರು ಯಾರು? ಮೊದಲಿಗೆ ಹೆಂಗಸರು. ಜಪಾನಿನ ಹೆಸರಾಂತ ರಾಕ್ ಬ್ಯಾಂಡುಗಳಲ್ಲಿ ಬಹುಪಾಲಿನ ಗಾಯಕರು ಗಂಡಸರು. ಅವರ ಹಾಡು ಹೆಂಗಸಿನ ಗಂಟಲಿಗೆ ಅದೇ ಸ್ಥಾಯಿಯಲ್ಲಿ ತೀರ ಕೆಳಗೆ, ಒಂದು ಸ್ಥಾಯಿ ಮೇಲೆ ಹೋದರೆ ತೀರ ಎತ್ತರ. ನಾಲ್ಕೈದು ಅರ್ಧಸ್ವರ ಸರಿಸಿದರೆ ಹಾಡು ಕೈಗೆ ಬರುತ್ತದೆ. ಆ ಗುಂಡಿಯನ್ನು ನಾಚಿಕೆಗೇಡು ಮಾಡಿದರೆ ಅರ್ಧ ಜನರಿಗೆ ಬಾಗಿಲು ಹಾಕಿದಂತೆ. ಎರಡನೆಯವರು ವಯಸ್ಸಾಗುತ್ತಿರುವವರು. 1995ರಲ್ಲಿ ಸ್ಪಿಟ್ಸ್ ಬ್ಯಾಂಡಿನ 'ರಾಬಿನ್ಸನ್' ಬಂದಾಗ ಕಾಲೇಜಿನಲ್ಲಿದ್ದವರಿಗೆ ಈಗ ಐವತ್ತು ವರ್ಷ. ಹಾಡಿನ ಮೇಲಿನ ಪ್ರೀತಿ ಹಾಗೇ ಇದೆ, ಕಂಠ ಇಳಿದಿದೆ. ಮೂರನೆಯವರು ಸಾಧಾರಣ ದನಿಯ ಹುಡುಗರು. ಆಫಿಶಿಯಲ್ ಹಿಗೆ ಡ್ಯಾಂಡಿಸಮ್, ಮಿಸೆಸ್ ಗ್ರೀನ್ ಆ್ಯಪಲ್ ಬ್ಯಾಂಡುಗಳ ಗಾಯಕರು ಏರುವ ಎತ್ತರಕ್ಕೆ ಎಲ್ಲರ ಗಂಟಲೂ ಏರುವುದಿಲ್ಲ. ಆ ಎತ್ತರ ಅವರವರ ದೇಹದ ಗುಣ; ಹಾಡಿನ ನಿಯಮವಲ್ಲ.

ಅಂಕ ಕೊಡುವ ಯಂತ್ರದ ಮೇಲೆ ತಪ್ಪು ಹೊರಿಸುವುದು ಸುಲಭ. ಪರದೆಯ ಮೇಲೆ ಸ್ವರದ ಪಟ್ಟಿಗಳು ಓಡುತ್ತವೆ, ಕಂಪನ ಎಣಿಕೆಯಾಗುತ್ತದೆ, ಕೊನೆಗೆ ನೂರಕ್ಕೆ ಇಷ್ಟು ಎಂದು ಬರುತ್ತದೆ. ಆದರೆ ಯಂತ್ರ ಈ ವಿಷಯದಲ್ಲಿ ಮನುಷ್ಯರಿಗಿಂತ ಉದಾರಿ. ಶ್ರುತಿ ಇಳಿಸಿದರೆ ಅದು ಇಳಿಸಿದ ಶ್ರುತಿಗೇ ದನಿಯನ್ನು ಹೋಲಿಸುತ್ತದೆ, ದಂಡ ಹಾಕುವುದಿಲ್ಲ. ದಂಡ ಹಾಕುವವರು ಸೋಫಾದ ಮೇಲೆ ಕೂತ ಗೆಳೆಯರು. ಯಂತ್ರದ ನಿಜವಾದ ಕೊರತೆ ಬೇರೆ: ಅದಕ್ಕೆ ಮಾತು ಕೇಳಿಸುವುದಿಲ್ಲ. ಸಾಹಿತ್ಯ ಬಿಟ್ಟು 'ಲಾ ಲಾ' ಎಂದರೂ ಸ್ವರ ಸರಿಯಿದ್ದರೆ ಅಂಕ ಬರುತ್ತದೆ.

ಜಪಾನೀ ರಾಕ್ ಹಾಡಿನ ಪ್ರಾಣ ಇರುವುದು ಆ ಮಾತಿನಲ್ಲೇ. 1970ರ ಆಸುಪಾಸಿನಲ್ಲಿ ಅಲ್ಲಿ ದೊಡ್ಡ ಜಗಳ ನಡೆಯಿತು. ಜಪಾನೀ ಭಾಷೆ ರಾಕ್ ಲಯಕ್ಕೆ ಕೂರದು, ಇಂಗ್ಲಿಷಿನಲ್ಲೇ ಹಾಡಬೇಕು ಎಂಬ ಪಕ್ಷದ ಮುಂದಾಳು ಉಚಿದಾ ಯೂಯಾ. ಇನ್ನೊಂದು ಪಕ್ಷದಲ್ಲಿ 'ಹಾಪ್ಪಿ ಎಂಡ್' ಬ್ಯಾಂಡ್. ಅದರ ಡ್ರಮ್ಮರ್ ಮತ್ಸುಮೊತೊ ತಕಾಶಿಯವರೇ ಸಾಹಿತ್ಯ ಬರೆಯುತ್ತಿದ್ದರು. ಇನೋವೆಯವರ ಯಂತ್ರ ಬಂದ 1971ರಲ್ಲೇ ಅವರ 'ಕಾಜೆಮಾಚಿ ರೋಮಾನ್' ಹೊರಬಂದು, ತಾಯ್ನುಡಿಯಲ್ಲೂ ರಾಕ್ ಸಾಧ್ಯವೆಂದು ತೋರಿಸಿತು. ಅಷ್ಟು ಜಗಳವಾಡಿ ಗೆದ್ದ ಮಾತನ್ನು ಇಂದು ಕರೋಕೆ ಕೋಣೆಯಲ್ಲಿ ಎತ್ತರದ ಸ್ವರಕ್ಕಾಗಿ ನುಂಗಿಹಾಕುವುದು ಎಂಥ ನ್ಯಾಯ?

ಇಲ್ಲಿ ಕನ್ನಡಿಗರಿಗೂ ಒಂದು ಮಾತು ಸಲ್ಲುತ್ತದೆ. ಅನಿಮೆ ನೋಡಿ ಜಪಾನೀ ಹಾಡಿನ ಹುಚ್ಚು ಹಿಡಿಸಿಕೊಂಡ ಪುಣೆ, ಹೈದರಾಬಾದುಗಳ ಕನ್ನಡದ ಹುಡುಗ ಹುಡುಗಿಯರು ಇಂಗ್ಲಿಷ್ ಅಕ್ಷರದಲ್ಲಿ ಸಾಹಿತ್ಯ ಓದಿ ಹಾಡುತ್ತಾರೆ. ಅವರ ಕೈಯಲ್ಲೇ ಇದಕ್ಕಿಂತ ಒಳ್ಳೆಯ ಸಾಧನವಿದೆ. ಜಪಾನಿಯಲ್ಲಿ 'ಕಿತೆ' ಎಂದರೆ 'ಬಾ', 'ಕಿತ್ತೆ' ಎಂದರೆ ಅಂಚೆಚೀಟಿ. 'ಒಬಸನ್' ಚಿಕ್ಕಮ್ಮ, 'ಒಬಾಸನ್' ಅಜ್ಜಿ. ಹ್ರಸ್ವ ದೀರ್ಘ, ಒತ್ತಕ್ಷರ ತಪ್ಪಿದರೆ ಅರ್ಥವೂ ತಪ್ಪುತ್ತದೆ, ತಾಳವೂ ತಪ್ಪುತ್ತದೆ. ಜಪಾನೀ ಲೆಕ್ಕದಲ್ಲಿ 'ಕಿತೆ' ಎರಡು ಎಣಿಕೆ, 'ಕಿತ್ತೆ' ಮೂರು. ಶಾಲೆಯಲ್ಲಿ ಕಲಿತ ಲಘು ಗುರು ಹಾಕಿ ನೋಡಿದರೂ ಅದೇ ಎರಡು, ಅದೇ ಮೂರು. ಕನ್ನಡ ಲಿಪಿಯಲ್ಲಿ ಬರೆದುಕೊಂಡು, ಮಾತ್ರೆ ಎಣಿಸಿ, ಉಸಿರಿಗೆ ಎಟುಕುವ ಹಾಡನ್ನೇ ಆರಿಸಿದರೆ ಅರ್ಧ ಗೆದ್ದಂತೆ. ಇನ್ನು ಶ್ರುತಿಯ ವಿಷಯ. ಕಛೇರಿಯಲ್ಲಿ ಕೂತವರು ಯಾರೂ 'ತ್ಯಾಗರಾಜರು ಹಾಡಿದ ಶ್ರುತಿಯಲ್ಲೇ ಹಾಡಿ' ಎಂದು ವಿದ್ವಾಂಸರನ್ನು ಕೇಳುವುದಿಲ್ಲ. ತಂಬೂರಿ ಹಾಡುವವರ ಕಂಠಕ್ಕೆ ಸೇರುತ್ತದೆ. ಆ ತಿಳಿವಳಿಕೆಯ ನಡುವೆ ಬೆಳೆದವರು ಕರೋಕೆಯಲ್ಲಿ ಮಾತ್ರ ಅದನ್ನು ಮರೆಯುವುದೇಕೆ?

ರಾಕ್ ಎಂದರೇ ಗಂಟಲು ಹರಿಯುವುದು, ಇಳಿಸಿದರೆ ಕಿಚ್ಚು ಆರುತ್ತದೆ ಎಂಬ ವಾದವಿದೆ. ಅದನ್ನು ತಳ್ಳಿಹಾಕುವಂತಿಲ್ಲ. ಎಕ್ಸ್ ಬ್ಯಾಂಡಿನ 1989ರ 'ಕುರೆನಾಯ್' ಹಾಡನ್ನು ಕೋಣೆಯವರೆಲ್ಲ ಒಟ್ಟಿಗೆ ಕಿರುಚುವಾಗ ಶ್ರುತಿಯ ಮಾತೆತ್ತುವುದು ಅರಸಿಕತೆ. ಅಲ್ಲಿ ಕಿರುಚಾಟವೇ ಹಾಡು. ಆದರೆ ಕಿಚ್ಚು ಎತ್ತರದಲ್ಲಿದೆ ಎನ್ನುವುದು ತಪ್ಪು. ತನ್ನ ಗಂಟಲಿನ ತುದಿಗೆ ಹೋಗಿ ಹಾಡಿದರೆ ಅದು ಕಿಚ್ಚು. ಇನ್ನೊಬ್ಬನ ಗಂಟಲಿನ ತುದಿಯನ್ನು ಮುಟ್ಟಲಾಗದೆ ಕೀರಲುಗುಟ್ಟಿದರೆ ಅದು ಅಣಕ. ಮೂರು ಅರ್ಧಸ್ವರ ಇಳಿಸಿದವನಿಗೂ ಅವನದೇ ತುದಿ ಇದೆ.

ಯಾಮಾಶಿತಾ ನೊಬುಹಿರೊ ನಿರ್ದೇಶನದ 2005ರ ಚಿತ್ರ 'ಲಿಂಡಾ ಲಿಂಡಾ ಲಿಂಡಾ'ದಲ್ಲಿ ಕೊರಿಯಾದಿಂದ ಓದಲು ಬಂದ ಹುಡುಗಿಯೊಬ್ಬಳು ಶಾಲೆಯ ಉತ್ಸವಕ್ಕಾಗಿ ಬ್ಲೂ ಹಾರ್ಟ್ಸ್ ಬ್ಯಾಂಡಿನ ಹಾಡು ಕಲಿಯಬೇಕಾಗುತ್ತದೆ. ಭಾಷೆ ಅರೆಬರೆ. ಒಬ್ಬಳೇ ಕರೋಕೆ ಅಂಗಡಿಗೆ ಹೋಗುತ್ತಾಳೆ. ಒಂದು ಪಾನೀಯವನ್ನಾದರೂ ಕೊಳ್ಳಲೇಬೇಕು ಎನ್ನುವ ಕೆಲಸದವನ ಜೊತೆ ವಾದಕ್ಕೆ ನಿಲ್ಲುತ್ತಾಳೆ. ಆ ಗಂಡಸರ ಬ್ಯಾಂಡಿನ ಹಾಡು ಅವಳ ಬಾಯಲ್ಲಿ ಅವಳದೇ ಆಗುತ್ತದೆ. ಮೂಲದಂತಿಲ್ಲ ಎಂದು ನೋಡಿದವರು ಯಾರೂ ದೂರುವುದಿಲ್ಲ.

ಯಜಮಾನನ ಗಂಟಲಿಗೆಂದು ಟೇಪು ಮಾಡಿಕೊಟ್ಟ ಇನೋವೆ ತಮ್ಮ ಯಂತ್ರಕ್ಕೆ ಪೇಟೆಂಟ್ ಕೂಡ ಪಡೆಯಲಿಲ್ಲ. ಅಷ್ಟು ಧಾರಾಳವಾಗಿ ಜಗತ್ತಿಗೆ ಸಿಕ್ಕಿದ್ದಕ್ಕೆ ಜಿಪುಣರು ಕಾವಲು ಕೂರಬೇಕಾಗಿಲ್ಲ. ಇಳಿಸುವ ಗುಂಡಿ ಇರುವುದು ಒತ್ತುವುದಕ್ಕೆ. ಒತ್ತಲಿ, ಹಾಡಲಿ, ಮಾತು ಎಲ್ಲರಿಗೂ ಕೇಳಿಸಲಿ.