ಬೀಜವೂ ನೀರೂ ನಮ್ಮವು, ವಿದ್ಯೆಯೂ ನಮ್ಮದಾಗಬೇಕು
ಪಟಾನ್‌ಚೆರುವಿನ ಕನ್ನಡಿಗರ ಪ್ರಣಾಳಿಕೆ

ನಮ್ಮ ಹೊಲದ ಬೀಜಕ್ಕೆ, ನಮ್ಮ ಹಳ್ಳದ ನೀರಿಗೆ, ನಾವು ನುಂಗುವ ಮಾತ್ರೆಗೆ ಜೀವತಂತ್ರಜ್ಞಾನ ಏನು ಮಾಡುತ್ತಿದೆ ಎಂಬುದು ನಮ್ಮ ಭಾಷೆಯಲ್ಲಿ ನಮಗೆ ತಿಳಿಯಬೇಕು. ತಿಳಿದುಕೊಂಡು ನಾವು ಕೇಳುವ ಪ್ರಶ್ನೆಗೆ ಉತ್ತರ ಸಿಗಬೇಕು. ಈ ಚಳವಳಿ ಹುಟ್ಟಿರುವುದು ಇದಕ್ಕಾಗಿ.

ನಾವು ಬೀದರ್, ಕಲಬುರಗಿ, ರಾಯಚೂರು ಕಡೆಯವರು. 1956ರವರೆಗೆ ಈ ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿ. ರಾಜ್ಯ ಬೇರೆಯಾದರೂ ಹುಮನಾಬಾದ್, ಜಹೀರಾಬಾದ್ ಹಾದು ಹೈದರಾಬಾದಿನ ಅಂಚಿನ ಪಟಾನ್‌ಚೆರುವಿಗೆ ಬರುವ ದುಡಿಮೆಯ ದಾರಿ ಮುಚ್ಚಲಿಲ್ಲ. ನಮ್ಮಲ್ಲಿ ಔಷಧಿ ಕಾರ್ಖಾನೆಗಳಲ್ಲಿ ಪಾಳಿ ಮಾಡುವವರಿದ್ದಾರೆ, ಸಂಶೋಧನೆಯ ಹೊಲಗಳಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳಿದ್ದಾರೆ, ಶಾಲೆಯಲ್ಲಿ ವಿಜ್ಞಾನ ಕಲಿಸುವವರಿದ್ದಾರೆ. ಊರಲ್ಲಿ ನಾಲ್ಕೆಕರೆ ತೊಗರಿ ಬಿತ್ತಿ ಇಲ್ಲಿ ಬಾಡಿಗೆ ಮನೆಯಲ್ಲಿ ಇರುವವರೇ ಹೆಚ್ಚು. ಜಗತ್ತಿನ ದೊಡ್ಡ ಬೀಜಭಂಡಾರಗಳಲ್ಲೊಂದು ನಮ್ಮ ಪಕ್ಕದಲ್ಲಿದೆ. ಔಷಧಿಯ ಕಲ್ಮಶದಿಂದ ಜಗತ್ತಿಗೆಲ್ಲ ಹೆಸರಾದ ಹಳ್ಳವೂ ನಮ್ಮ ಪಕ್ಕದಲ್ಲೇ ಇದೆ. ಎರಡರ ನಡುವೆ ಬದುಕುವ ನಮಗೆ ಎರಡರ ಒಳಗೂ ನಡೆಯುವುದು ಗೊತ್ತಿಲ್ಲ ಎಂಬ ಸ್ಥಿತಿ ಇನ್ನು ಸಾಕು.

ಜೀವಿಗಳಿಂದ ನಮಗೆ ಬೇಕಾದ ಕೆಲಸ ಮಾಡಿಸಿಕೊಳ್ಳುವ ವಿದ್ಯೆ ನಮಗೆ ಹೊಸದಲ್ಲ. ಹಾಲಿಗೆ ಹೆಪ್ಪು ಹಾಕಿದವರು, ರಾಶಿ ಮಾಡುವಾಗ ದಪ್ಪ ಕಾಳಿನ ತೆನೆ ಆರಿಸಿ ಬೂದಿ ಬೆರೆಸಿ ಮುಂದಿನ ಮುಂಗಾರಿಗೆ ಎತ್ತಿಟ್ಟವರು ನಮ್ಮ ಅವ್ವಂದಿರು. ಹಾಲು ಹುಳಿಯಾಗುವುದು ಸೂಕ್ಷ್ಮಜೀವಿಗಳಿಂದ ಎಂದು ಪಾಶ್ಚರ್ 1857ರಲ್ಲಿ ತೋರಿಸಿದರು. ಬಟಾಣಿ ಗಿಡಗಳನ್ನು ವರ್ಷಗಟ್ಟಲೆ ಬೆಳೆಸಿ, ಕಾಳಿನ ಬಣ್ಣ, ಗಿಡದ ಎತ್ತರ ತಲೆಮಾರಿನಿಂದ ತಲೆಮಾರಿಗೆ ಲೆಕ್ಕದಂತೆ ಸಾಗುತ್ತವೆ ಎಂದು ಮೆಂಡೆಲ್ 1866ರಲ್ಲಿ ಬರೆದು ಪ್ರಕಟಿಸಿದರು. ಅದನ್ನು ಜಗತ್ತು ಗಮನಿಸಿದ್ದು 1900ರಲ್ಲಿ. ಜೀವಿಗಳಿಂದ ಕೆಲಸ ಮಾಡಿಸುವ ಈ ವಿದ್ಯೆಗೆ ಜೀವತಂತ್ರಜ್ಞಾನ ಎಂಬ ಇಂದಿನ ಹೆಸರು ಕೊಟ್ಟವರು ಹಂಗೇರಿಯ ಕಾರ್ಲ್ ಎರೆಕಿ, 1919ರಲ್ಲಿ. 1953ರಲ್ಲಿ, ತಲೆಮಾರಿನ ಗುಣಗಳನ್ನು ಹೊತ್ತಿರುವ ಡಿಎನ್‌ಎಯ ರಚನೆ ತಿಳಿಯಿತು. ಅದರಲ್ಲಿರುವ ನಾಲ್ಕು ಅಕ್ಷರಗಳು ಮೂರು ಮೂರಾಗಿ ಸೇರಿ ಪ್ರೋಟೀನ್ ಕಟ್ಟುವ ಆಜ್ಞೆಯಾಗುವುದನ್ನು ಬಿಡಿಸಿದವರಲ್ಲಿ ಹರಗೋವಿಂದ ಖೊರಾನಾ ಒಬ್ಬರು. ಪಟವಾರಿಯ ಮಗನಾಗಿ ಹಳ್ಳಿಯಲ್ಲಿ ಹುಟ್ಟಿದ ಅವರಿಗೆ 1968ರಲ್ಲಿ ನೊಬೆಲ್ ಬಂತು.

ಅಲ್ಲಿಂದ ಮುಂದಿನದೆಲ್ಲ ಒಂದು ಸತ್ಯದ ಮೇಲೆ ನಿಂತಿದೆ. ಆ ಅಕ್ಷರಗಳ ಭಾಷೆ ಹೆಚ್ಚುಕಡಿಮೆ ಎಲ್ಲ ಜೀವಿಗಳಿಗೂ ಒಂದೇ. ಮನುಷ್ಯನ ವಂಶವಾಹಿಯನ್ನು ಬ್ಯಾಕ್ಟೀರಿಯಾ ಓದಬಲ್ಲದು. ಹಾಗಾಗಿಯೇ 1982ರಿಂದ ಸಕ್ಕರೆ ಕಾಯಿಲೆಯವರಿಗೆ ಬ್ಯಾಕ್ಟೀರಿಯಾದಲ್ಲಿ ಬೆಳೆಸಿದ ಮನುಷ್ಯರ ಇನ್ಸುಲಿನ್ ಸಿಗುತ್ತಿದೆ. ಹತ್ತನೇ ತರಗತಿಯ ಹುಡುಗಿಗೆ ಇದನ್ನು ಕನ್ನಡದಲ್ಲಿ ಒಂದು ಮಧ್ಯಾಹ್ನದಲ್ಲಿ ತಿಳಿಸಬಹುದು. ಕಷ್ಟದ ವಿಷಯ ಎಂದು ಹೇಳಿ ಇಷ್ಟು ವರ್ಷ ನಮ್ಮನ್ನು ದೂರ ಇಟ್ಟದ್ದು ಅನ್ಯಾಯ.

ತೊಗರಿಯ ವಿಷಯವನ್ನು ನಿಧಾನವಾಗಿ ಹೇಳಬೇಕು. ಒಣಭೂಮಿ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯಾದ ಇಕ್ರಿಸ್ಯಾಟ್ ಪಟಾನ್‌ಚೆರುವಿನಲ್ಲಿ ಶುರುವಾದದ್ದು 1972ರಲ್ಲಿ. ಅದರ ಆವರಣದಲ್ಲಿ ಎರೆ ಭೂಮಿಯೂ ಇದೆ, ಕೆಂಪು ಮಸಾರಿಯೂ ಇದೆ. ಮಳೆ ನಂಬಿದ ಬೇಸಾಯದ ಬೆಳೆಗಳನ್ನು ಎರಡೂ ಮಣ್ಣಿನಲ್ಲಿ ಪರೀಕ್ಷಿಸಬಹುದು. ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ ಅಲ್ಲಿನ ಮುಖ್ಯ ಬೆಳೆಗಳು, ನಮ್ಮ ಊರಿನವೂ ಅವೇ. ಅಲ್ಲಿನ ಜೀನ್ ಬ್ಯಾಂಕಿನಲ್ಲಿ 144 ದೇಶಗಳಿಂದ ಬಂದ 1.2 ಲಕ್ಷಕ್ಕೂ ಹೆಚ್ಚು ಬೀಜ ಮಾದರಿಗಳಿವೆ. ಬಹುಕಾಲ ಉಳಿಯಬೇಕಾದವನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ ಇಡುತ್ತಾರೆ. ಆ ಪೊಟ್ಟಣಗಳಲ್ಲಿ ಇರುವುದು ರೈತರು ಸಾವಿರಾರು ವರ್ಷ ಆರಿಸಿ ಆರಿಸಿ ಉಳಿಸಿದ ಕಾಳು.

ನೆಟೆ ರೋಗ ಎಂದರೇನು ಎಂದು ಕಲಬುರಗಿಯವರಿಗೆ ಹೇಳಬೇಕಾಗಿಲ್ಲ. ಕಾಯಿ ಕಟ್ಟಿ, ಇನ್ನೇನು ಕೈಗೆ ಬಂತು ಅನ್ನುವಾಗ ಗಿಡ ನಿಂತಲ್ಲೇ ಒಣಗುತ್ತದೆ. ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ. ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರಬಲ್ಲ ಫ್ಯುಸೇರಿಯಂ ಎಂಬ ಶಿಲೀಂಧ್ರ ಬೇರಿನಿಂದ ಒಳಹೊಕ್ಕು ನೀರು ಏರುವ ನಾಳಗಳನ್ನು ಕಟ್ಟಿಬಿಡುತ್ತದೆ. ಮೇಲೆ ಎಷ್ಟು ಎಣ್ಣೆ ಹೊಡೆದರೂ ಅದಕ್ಕೆ ತಟ್ಟುವುದಿಲ್ಲ. ಇಕ್ರಿಸ್ಯಾಟ್‌ನ ರೋಗತಜ್ಞ ವೈ. ಎಲ್. ನೇನೆ ಮತ್ತು ಸಂಗಡಿಗರು ಒಂದು ಹೊಲವನ್ನು ಬೇಕೆಂದೇ ರೋಗದ ಮಡುವಾಗಿಸಿದರು. ರೋಗ ಹತ್ತಿದ ಗಿಡಗಳನ್ನು ಅಲ್ಲಿನ ಮಣ್ಣಿಗೆ ಸೇರಿಸಿ, ಅದೇ ಮಣ್ಣಲ್ಲಿ ನೂರಾರು ಬಗೆಯ ತೊಗರಿ ಬಿತ್ತಿ, ಯಾವುದು ಸಾಯದೆ ನಿಂತಿತೋ ಅದನ್ನು ಆರಿಸಿಕೊಂಡರು. ಹಾಗೆ ಬದುಕಿ ಬಂದದ್ದು ಐಸಿಪಿ 8863. ಅದು 1980ರ ದಶಕದ ಮಧ್ಯದಲ್ಲಿ ಕರ್ನಾಟಕದ ರೈತರಿಗೆ ‘ಮಾರುತಿ’ಯಾಗಿ ಸಿಕ್ಕಿತು. ಇದರಲ್ಲಿ ವಂಶವಾಹಿ ಕತ್ತರಿಸಿದವರಿಲ್ಲ, ಅಂಟಿಸಿದವರಿಲ್ಲ. ಕಣ್ಣು, ತಾಳ್ಮೆ, ಲೆಕ್ಕದ ಪುಸ್ತಕ ಇವೇ ಆ ಪ್ರಯೋಗಾಲಯ. ಇದೂ ಜೀವತಂತ್ರಜ್ಞಾನವೇ, ನಮ್ಮ ಪ್ರಕಾರ ಅದರ ಅತ್ಯುತ್ತಮ ಅಧ್ಯಾಯ.

ಶಿಲೀಂಧ್ರವೂ ಬದಲಾಗುತ್ತದೆ, ಅದರಲ್ಲೂ ಹಲವು ಬಗೆ. 2022–23ರ ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯ ತೊಗರಿ ನೆಟೆ ರೋಗಕ್ಕೆ ದೊಡ್ಡ ಪ್ರಮಾಣದಲ್ಲಿ ಒಣಗಿತು. ಅದಕ್ಕೆ ಮೂರು ವರ್ಷ ಮೊದಲು, 2019ರಲ್ಲಿ, ಅದೇ ತೊಗರಿ ಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತ್ತು. ಹೆಸರು ಉಳಿಸಿಕೊಳ್ಳಲು ಮೊದಲು ಗಿಡ ಉಳಿಯಬೇಕು. ಆದ್ದರಿಂದ ಹೊಸ ವಿದ್ಯೆ ಬೇಕೇ ಬೇಕು, ಮತ್ತು ಅದು ಇದೆ. 2011ರಲ್ಲಿ ಇಕ್ರಿಸ್ಯಾಟ್ ಮುಂದಾಳತ್ವದ ತಂಡ ‘ಆಶಾ’ ತಳಿಯ ತೊಗರಿಯ ಜೀನೋಮಿನ, ಅಂದರೆ ಅದರ ಪೂರ್ತಿ ಡಿಎನ್‌ಎ ಬರಹದ, ಕರಡು ಪ್ರಕಟಿಸಿತು. ಹನ್ನೊಂದು ಜೋಡಿ ಕ್ರೋಮೋಸೋಮು, ಅಂದಾಜು 48,680 ವಂಶವಾಹಿ. ರೋಗ ತಡೆಯುವ ವಂಶವಾಹಿಯ ಪಕ್ಕದ ಗುರುತು ಸಿಕ್ಕರೆ, ಸಸಿಯ ಎಲೆಯ ಚೂರಿನಿಂದಲೇ ಆ ಗುಣ ಬಂದಿದೆಯೇ ಎಂದು ನೋಡಬಹುದು, ಗಿಡ ಸಾಯುವವರೆಗೆ ಕಾಯಬೇಕಿಲ್ಲ. ಸಜ್ಜೆಯಲ್ಲಿ ಇದು ಆಗಲೇ ನಡೆದಿದೆ. 65 ದಿನದೊಳಗೆ ಕೊಯ್ಲಿಗೆ ಬರುವ ಎಚ್‌ಎಚ್‌ಬಿ 67 ಬೂಜು ತುಪ್ಪಟ ರೋಗಕ್ಕೆ ಸೋಲತೊಡಗಿದಾಗ, ಗುರುತು ಹಿಡಿದು ರೋಗ ತಡೆಯುವ ಗುಣ ಸೇರಿಸಿದ ಸುಧಾರಿತ ತಳಿ 2005ರಲ್ಲಿ ಬಿಡುಗಡೆಯಾಯಿತು. ಇದೂ ಕುಲಾಂತರಿ, ಅಂದರೆ ಬೇರೆ ಜೀವಿಯ ವಂಶವಾಹಿ ಸೇರಿಸಿದ ತಳಿ, ಅಲ್ಲ. ಸಜ್ಜೆಯ ಗುಣ ಸಜ್ಜೆಗೇ ಬಂದದ್ದು.

ಹೈಬ್ರಿಡ್ ಮತ್ತೊಂದು ದಾರಿ. ತೊಗರಿಯ ಕಾಡು ಸಂಬಂಧಿಯೊಂದರ ಜೀವರಸ ತಾಯಿಯಿಂದ ಸೇರಿದ ಗಿಡದಲ್ಲಿ ಪರಾಗ ಹುಟ್ಟುವುದಿಲ್ಲ. ಅದರ ಪಕ್ಕ ಬೇರೆ ತಳಿ ಬೆಳೆಸಿ, ಜೇನುನೊಣಗಳಿಂದ ಪರಾಗ ಹಾಯಿಸಿ ಹೈಬ್ರಿಡ್ ಬೀಜ ಮಾಡುತ್ತಾರೆ. ಹೀಗೆ ತಯಾರಾದ ಐಸಿಪಿಎಚ್ 2671 ತೊಗರಿ ಇದೇ ಪಟಾನ್‌ಚೆರುವಿನಲ್ಲಿ ರೂಪುಗೊಂಡದ್ದು. ಇಳುವರಿ ಹೆಚ್ಚು ಬರಬಹುದು. ಆದರೆ ಅದರ ಕಾಳನ್ನೇ ಮರುವರ್ಷ ಬಿತ್ತಿದರೆ ಮೆಂಡೆಲ್ ಹೇಳಿದಂತೆ ಗುಣಗಳು ಒಡೆದು ಹೋಗುತ್ತವೆ; ಪ್ರತಿವರ್ಷ ಅಂಗಡಿಗೆ ಹೋಗಬೇಕು. ಹೈಬ್ರಿಡ್ ಬಿತ್ತಬೇಡಿ ಎಂದು ನಾವು ಹೇಳುವುದಿಲ್ಲ. ಪ್ರತಿವರ್ಷ ಹೊಸ ಬೀಜ ಕೊಳ್ಳಬೇಕು ಎಂಬ ಒಂದು ವಾಕ್ಯವನ್ನು ಪಾಕೀಟಿನ ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ ಅಚ್ಚು ಹಾಕಿ ಎನ್ನುತ್ತೇವೆ.

ಕುಲಾಂತರಿ ಬೇರೆಯೇ. ಅಲ್ಲಿ ಇನ್ನೊಂದು ಜೀವಿಯ ವಂಶವಾಹಿಯನ್ನು ತಂದು ಸೇರಿಸುತ್ತಾರೆ. ಬಿಟಿ ಹತ್ತಿಗೆ ಅನುಮತಿ ಸಿಕ್ಕಿದ್ದು 2002ರಲ್ಲಿ. ಮಣ್ಣಿನ ಬ್ಯಾಕ್ಟೀರಿಯಾದ ವಂಶವಾಹಿ ಗಿಡದಲ್ಲೇ ಕಾಯಿಕೊರಕನಿಗೆ ವಿಷ ಹುಟ್ಟಿಸುತ್ತದೆ. ಮೊದಲು ಎಣ್ಣೆ ಖರ್ಚು ಇಳಿಯಿತು, ಆಮೇಲೆ ಗುಲಾಬಿ ಕಾಯಿಕೊರಕ ಆ ವಿಷವನ್ನು ಅರಗಿಸಿಕೊಂಡಿತು. ಎರಡೂ ನಿಜ, ಎರಡನ್ನೂ ಹೇಳಬೇಕು. 1998ರಲ್ಲಿ ಪ್ರೊ. ನಂಜುಂಡಸ್ವಾಮಿಯವರ ರೈತಸಂಘ ಪ್ರಯೋಗದ ಹತ್ತಿಗೆ ಬೆಂಕಿ ಇಟ್ಟಾಗ, ಹೊಲದ ಒಡೆಯನಿಗೇ ಸರಿಯಾಗಿ ತಿಳಿಸದೆ ಪ್ರಯೋಗ ನಡೆದಿದೆ ಎಂಬುದು ಅವರ ದೂರಾಗಿತ್ತು. ಬೆಂಕಿ ನಮ್ಮ ದಾರಿಯಲ್ಲ. ಆ ದೂರು ಮಾತ್ರ ನಮ್ಮದೂ ಹೌದು. ಬಿಟಿ ಬದನೆಯ ವಿಷಯದಲ್ಲಿ ಬೆಂಗಳೂರು, ಹೈದರಾಬಾದ್ ಸೇರಿ ಏಳು ನಗರಗಳಲ್ಲಿ ಜನರ ಮಾತು ಕೇಳಿ, 2010ರ ಫೆಬ್ರುವರಿ 9ರಂದು ಸರ್ಕಾರ ಅದನ್ನು ತಡೆಹಿಡಿಯಿತು. ತಡೆದದ್ದು ಸರಿಯೋ ತಪ್ಪೋ ಎಂಬ ಬಗ್ಗೆ ನಮ್ಮಲ್ಲೇ ಎರಡು ಮಾತಿವೆ. ಕೇಳಿದ್ದು ಸರಿ ಎಂಬುದರಲ್ಲಿ ಎರಡು ಮಾತಿಲ್ಲ. ಇಂದು ನಮ್ಮ ಹೊಲದಲ್ಲಿರುವ ಯಾವ ತೊಗರಿಯೂ ಕುಲಾಂತರಿಯಲ್ಲ. ನಾಳೆ ಬರುವುದಾದರೆ ಕಲಬುರಗಿಯಲ್ಲಿ, ಕನ್ನಡದಲ್ಲಿ ವಿಚಾರಣೆ ನಡೆದ ಮೇಲೆಯೇ ಬರಬೇಕು.

ಇನ್ನು ಹಳ್ಳದ ಮಾತು. ಅದು ತಿಳಿಯಲು ಮೊದಲು ಒಂದು ಪ್ರಯೋಗ ನೋಡಬೇಕು. 1973ರಲ್ಲಿ ವಿಜ್ಞಾನಿಗಳಾದ ಕೊಹೆನ್ ಮತ್ತು ಬಾಯರ್ ಮೊದಲ ಬಾರಿಗೆ ಡಿಎನ್‌ಎ ಕತ್ತರಿಸಿ ಜೋಡಿಸಿ ಬ್ಯಾಕ್ಟೀರಿಯಾದೊಳಗೆ ಬೆಳೆಸಿದಾಗ ಬಳಸಿದ್ದು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಬಳೆಯನ್ನು. ಅದರಲ್ಲಿ ಇದ್ದದ್ದು ಟೆಟ್ರಾಸೈಕ್ಲಿನ್ ಔಷಧಿಗೆ ಜಗ್ಗದ ಗುಣ. ಔಷಧಿ ಬೆರೆತ ತಟ್ಟೆಯಲ್ಲಿ ಯಾವ ಬ್ಯಾಕ್ಟೀರಿಯಾ ಬದುಕಿತೋ ಅದರೊಳಗೆ ಪ್ಲಾಸ್ಮಿಡ್ ಸೇರಿದೆ ಎಂದು ತಿಳಿಯಿತು. ವಿಜ್ಞಾನಿಗಳು ಇದನ್ನು ಕಲಿಯುವ ಮೊದಲೇ ಬ್ಯಾಕ್ಟೀರಿಯಾಗಳು ತಮ್ಮತಮ್ಮಲ್ಲಿ ಪ್ಲಾಸ್ಮಿಡ್ ದಾಟಿಸಿಕೊಳ್ಳುತ್ತಿದ್ದವು. ಈಗ ಪಟಾನ್‌ಚೆರು ನೋಡಿ. ಸುಮಾರು 90 ಔಷಧಿ ಕಾರ್ಖಾನೆಗಳ ಹೊಲಸು ನೀರು ಬರುತ್ತಿದ್ದ ಇಲ್ಲಿನ ಸಾಮೂಹಿಕ ಶುದ್ಧೀಕರಣ ಘಟಕದಿಂದ ಹೊರಬಿಟ್ಟ ನೀರನ್ನು ಸ್ವೀಡನ್ನಿನ ಯೋಆಕಿಮ್ ಲಾರ್ಸನ್ ತಂಡ ಪರೀಕ್ಷಿಸಿ 2007ರಲ್ಲಿ ವರದಿ ಮಾಡಿತು: ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್. ಆ ಮಾತ್ರೆ ನುಂಗಿದ ರೋಗಿಯ ರಕ್ತದಲ್ಲಿ ಇರುವುದಕ್ಕಿಂತಲೂ ಹೆಚ್ಚು. 2011ರ ಇನ್ನೊಂದು ಅಧ್ಯಯನ ಆ ನೀರು ಹರಿದ ಕಡೆಯ ಕೆಸರಿನಲ್ಲಿ ಔಷಧಿಗೆ ಜಗ್ಗದ ವಂಶವಾಹಿಗಳನ್ನೂ, ಅವನ್ನು ದಾಟಿಸುವ ಪ್ಲಾಸ್ಮಿಡ್‌ಗಳನ್ನೂ ಹೇರಳವಾಗಿ ಕಂಡಿತು.

ಕೊಹೆನ್ ತಟ್ಟೆಯಲ್ಲಿ ಮಾಡಿದ್ದೇ ಇಲ್ಲಿ ಹಳ್ಳದಲ್ಲಿ ನಡೆಯುತ್ತಿತ್ತು. ತಟ್ಟೆಯ ಪ್ರಯೋಗದ ಸುರಕ್ಷತೆಗೆ ನಿಯಮ ಮಾಡಲು 1975ರಲ್ಲಿ ವಿಜ್ಞಾನಿಗಳು ಕ್ಯಾಲಿಫೋರ್ನಿಯದ ಅಸಿಲೊಮಾರ್‌ನಲ್ಲಿ ಸೇರಿದ್ದರು. ನಮ್ಮ ಹಳ್ಳಕ್ಕಾಗಿ ಯಾರೂ ಹಾಗೆ ಸೇರಲಿಲ್ಲ. ಕಾರ್ಖಾನೆಯ ಹೊಲಸಿನ ವಿರುದ್ಧ 1990ರಲ್ಲೇ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. ತ್ಯಾಜ್ಯದಲ್ಲಿ ಆ್ಯಂಟಿಬಯಾಟಿಕ್ ಎಷ್ಟಿರಬಹುದು ಎಂಬ ಮಿತಿಯನ್ನು ಕೇಂದ್ರ ಸರ್ಕಾರ 2020ರ ಜನವರಿಯ ಕರಡಿನಲ್ಲಿ ಬರೆಯಿತು. 2021ರ ಅಂತಿಮ ನಿಯಮದಲ್ಲಿ ಆ ಮಿತಿ ಇರಲಿಲ್ಲ. ಆ ಔಷಧಿ ತಯಾರಿಸುವ ಕೈಗಳು ನಮ್ಮವು. ನಮ್ಮ ಸಂಬಳ ಅದರಿಂದಲೇ ಬರುತ್ತದೆ. ಕಾರ್ಖಾನೆ ಮುಚ್ಚಿ ಎಂದು ನಾವು ಕೂಗುವುದಿಲ್ಲ. ಆ ಮಿತಿ ಕಾನೂನಾಗುವವರೆಗೆ ಸುಮ್ಮನೆ ಕೂರುವುದೂ ಇಲ್ಲ. ನಮ್ಮ ಮಗುವಿಗೆ ಜ್ವರ ಬಂದಾಗ ಮಾತ್ರೆ ಕೆಲಸ ಮಾಡಬೇಕು.

ಕಾನೂನು ಕೆಲವು ಕಡೆ ನಮ್ಮ ಪರವಾಗಿದೆ, ಅದೂ ನಮಗೆ ತಿಳಿದಿಲ್ಲ. 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಮಿನ ಪ್ರಕಾರ, ನೋಂದಣಿಯಾದ ತಳಿಯ ಬೀಜವನ್ನೂ ರೈತ ಉಳಿಸಿಕೊಳ್ಳಬಹುದು, ಮತ್ತೆ ಬಿತ್ತಬಹುದು, ಬದಲಾಯಿಸಿಕೊಳ್ಳಬಹುದು, ಮಾರಬಹುದು. ಬ್ರ್ಯಾಂಡ್ ಹೆಸರಿನಲ್ಲಿ ಮಾತ್ರ ಮಾರುವಂತಿಲ್ಲ. ಬೀಜ ಮಾರುವವರು ಇದನ್ನು ಹೇಳುವುದಿಲ್ಲ, ಆದ್ದರಿಂದ ನಾವು ಹೇಳುತ್ತೇವೆ. ಇಕ್ರಿಸ್ಯಾಟ್ ತನ್ನ ಬೀಜಸಂಗ್ರಹವನ್ನು 1994ರಿಂದ ಜಗತ್ತಿನ ಪರವಾಗಿ ಟ್ರಸ್ಟಿನಂತೆ ಕಾಯುತ್ತಿದೆ. ಅಲ್ಲಿ ನಮ್ಮ ಜಿಲ್ಲೆಗಳಿಂದ ಹೋದ ತಳಿಗಳು ಯಾವುವು, ಯಾವುದರಲ್ಲಿ ಯಾವ ಗುಣ ಕಂಡಿತು ಎಂಬ ಪಟ್ಟಿ ಕನ್ನಡದಲ್ಲಿ ನಮಗೆ ಬೇಕು. ಕೇಳುವಾಗ ಕೈಚಾಚಿ ಬೇಡುವುದಿಲ್ಲ. ಆ ಕಾಳು ಕೊಟ್ಟವರ ಮಕ್ಕಳು ನಾವು.

ಈ ಮುಂಗಾರಿಗೆ ಮೊದಲು ನಾವು ಮಾಡುವ ಕೆಲಸ ಇಷ್ಟು. ಆಳಂದ, ಚಿಂಚೋಳಿ, ಹುಮನಾಬಾದ್, ಜಹೀರಾಬಾದಿನ ಬೀಜದಂಗಡಿಗಳ ಮುಂದೆ ನಿಂತು, ಆರಿಸಿದ ತಳಿ, ಹೈಬ್ರಿಡ್, ಕುಲಾಂತರಿ ಇವುಗಳ ವ್ಯತ್ಯಾಸ ಬರೆದ ಒಂದು ಹಾಳೆಯ ಕನ್ನಡ ಕರಪತ್ರ ಹಂಚುತ್ತೇವೆ. ಓದು ಬಾರದ ಅಕ್ಕಂದಿರಿಗೆ ಓದಿ ಹೇಳುತ್ತೇವೆ. ನೆಟೆ ಬಿದ್ದ ಹೊಲಗಳಲ್ಲಿ ಯಾವ ತಳಿ ಉಳಿಯಿತು, ಯಾವುದು ಹೋಯಿತು ಎಂಬುದನ್ನು ರೈತರಿಂದಲೇ ಬರೆಸಿ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರಕ್ಕೂ ಇಕ್ರಿಸ್ಯಾಟ್‌ಗೂ ಕೊಟ್ಟು, ಪ್ರತಿ ಹೊಲಕ್ಕೂ ಬರಹದಲ್ಲಿ ಉತ್ತರ ಕೇಳುತ್ತೇವೆ. ಹಳ್ಳದ ನೀರಿನಲ್ಲಿ ಆ್ಯಂಟಿಬಯಾಟಿಕ್ ಎಷ್ಟಿದೆ ಎಂದು ಮಾಹಿತಿ ಹಕ್ಕಿನಡಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಹಾಕಿ, ಬಂದ ಉತ್ತರವನ್ನು ಕನ್ನಡ, ತೆಲುಗು ಎರಡರಲ್ಲೂ ಪಾಳಿ ಬದಲಾಗುವ ಹೊತ್ತಿಗೆ ಕಾರ್ಖಾನೆಗಳ ಗೇಟಿನ ಮುಂದೆ ಅಂಟಿಸುತ್ತೇವೆ. ಸೇರುವವರು ಸದಸ್ಯತ್ವದ ಹಣ ಕೊಡಬೇಕಿಲ್ಲ. ನಿಮ್ಮ ಹೊಲದ ಬೀಜದ ಹೆಸರು ಬರೆಸಿ, ಜೊತೆಗೆ ನಿಮಗೆ ಉತ್ತರ ಬೇಕಾದ ಒಂದು ಪ್ರಶ್ನೆ ಬರೆಸಿ.