ಚರ್ಚಿನ ದಫ್ತರವೂ ನಮ್ಮ ಸಂಘಗಳ ನೆನಪೂ

ಕ್ರಿಸ್‌ಮಸ್ ಸಮೀಪಿಸಿತೆಂದರೆ ಆಬಿಡ್ಸ್‌ಗೆ ಬಟ್ಟೆಬರೆ ಖರೀದಿಗೆ ಹೋದ ನಮ್ಮ ಕನ್ನಡ ಕುಟುಂಬಗಳು ಹಾಗೆಯೇ ಗನ್‌ಫೌಂಡ್ರಿಯ ಸಂತ ಜೋಸೆಫರ ಚರ್ಚಿನ ದೀಪಾಲಂಕಾರ ನೋಡಿಕೊಂಡು ಬರುವುದುಂಟು. ಎರಡು ಗೋಪುರಗಳು, ಇಟಲಿಯಿಂದ ಬಂದ ಗಂಟೆಗಳು, ಏಳನೇ ನಿಜಾಮರು ಕೊಟ್ಟ ಮಾತೆ ಮರಿಯಳ ಪ್ರತಿಮೆ, ಇವನ್ನೆಲ್ಲ ಮಕ್ಕಳಿಗೆ ತೋರಿಸುತ್ತೇವೆ. ಆದರೆ ಅದೇ ಚರ್ಚಿನ ಕಚೇರಿಯ ಬೀರುವಿನಲ್ಲಿರುವ ದಪ್ಪ ದಫ್ತರಗಳ ಬಗ್ಗೆ ಯೋಚಿಸಿದವರು ಕಡಿಮೆ. ಹೈದರಾಬಾದಿನ ಕನ್ನಡಿಗರು ಆ ದಫ್ತರಗಳಿಂದ ಕಲಿಯುವುದು ಬಹಳವಿದೆ.

ನಗರದ ಕಥೋಲಿಕ ಚರ್ಚುಗಳ ಕಥೆ ಸಿಕಂದರಾಬಾದಿನ ದಂಡಿನ ಪ್ರದೇಶದಿಂದ ಶುರುವಾಗುತ್ತದೆ. ಅಲ್ಲಿನ ಸೇಂಟ್ ಮೇರಿಸ್ ಚರ್ಚು 1850ರಲ್ಲಿ ಪೂರ್ಣಗೊಂಡಿತು. ಕಟ್ಟಿಸಿದವರು ಐರ್ಲೆಂಡಿನ ಡೇನಿಯಲ್ ಮರ್ಫಿ. ಅವರು ಮುಂದೆ ಆಸ್ಟ್ರೇಲಿಯದ ಹೋಬಾರ್ಟ್‌ನ ಆರ್ಚ್‌ಬಿಷಪ್ ಆದರು. 2008ರಲ್ಲಿ ಈ ಚರ್ಚಿಗೆ ಬೆಸಿಲಿಕಾ ಪದವಿ ದೊರೆಯಿತು. ಗನ್‌ಫೌಂಡ್ರಿಯ ಚರ್ಚಿಗೆ ಇಟಲಿಯ ಮಿಷನ್ ಪಾದ್ರಿಗಳು 1869ರಲ್ಲಿ ಜಾಗ ಕೊಂಡರು, 1870ರಲ್ಲಿ ಅಡಿಗಲ್ಲು ಹಾಕಿದರು; 1875ರಲ್ಲಿ ಕಟ್ಟಡ ಮುಗಿಯಿತು. 1886ರಲ್ಲಿ ಹೈದರಾಬಾದ್ ಧರ್ಮಪ್ರಾಂತ್ಯ ರಚನೆಯಾದ ಮೇಲೆ ಅದೇ ಬಿಷಪ್ಪರ ಪ್ರಧಾನಾಲಯವಾಯಿತು.

ಇದರಲ್ಲಿ ಕನ್ನಡಿಗರ ಮಾತೇನು ಎಂದು ಕೇಳಬಹುದು. ಚರ್ಚು ಮುಗಿಯುವುದಕ್ಕೆ ಒಂದು ವರ್ಷ ಮೊದಲು, 1874ರಲ್ಲಿ, ಇಂದಿನ ಕಲಬುರಗಿ ಜಿಲ್ಲೆಯ ವಾಡಿಯಿಂದ ಸಿಕಂದರಾಬಾದಿಗೆ ರೈಲು ಬಂತು. ಗುಲ್ಬರ್ಗ ಸೀಮೆಯ ನಮ್ಮ ಜನ ಓದಿಗೆ, ನೌಕರಿಗೆ, ವ್ಯಾಪಾರಕ್ಕೆ ರಾಜಧಾನಿಗೆ ಬಂದದ್ದು ಆ ದಾರಿಯಲ್ಲೇ. 1956ರ ನವೆಂಬರ್ 1ರಂದು ಬೀದರ್, ಗುಲ್ಬರ್ಗ, ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದವು. ಅಲ್ಲಿಂದ ಬಂದು ಇಲ್ಲಿಯೇ ನೆಲೆಸಿದ್ದವರು ಒಂದೇ ದಿನದಲ್ಲಿ ಹೊರರಾಜ್ಯದವರಾದರು. ಗಮನಿಸಬೇಕಾದ ಸಂಗತಿಯೆಂದರೆ, ಚರ್ಚಿನ ಗಡಿ ಆ ದಿನ ಬದಲಾಗಲಿಲ್ಲ. 2005ರಲ್ಲಿ ಗುಲ್ಬರ್ಗ ಧರ್ಮಪ್ರಾಂತ್ಯ ಹೊಸದಾಗಿ ರಚನೆಯಾಗುವವರೆಗೆ ಬೀದರ್ ಭಾಗ ಹೈದರಾಬಾದಿನ ಆರ್ಚ್‌ಬಿಷಪ್ಪರ ಆಡಳಿತದಲ್ಲಿಯೇ ಇತ್ತು. ಸರ್ಕಾರದ ನಕ್ಷೆಯಲ್ಲಿ ಬೇರೆಯಾದ ಊರುಗಳು ಅಷ್ಟು ವರ್ಷ ಚರ್ಚಿನ ಲೆಕ್ಕದಲ್ಲಿ ಒಂದಾಗಿಯೇ ಇದ್ದವು.

ಆ ಲೆಕ್ಕವಾದರೂ ಎಂಥದು! 1563ರಲ್ಲಿ ಟ್ರೆಂಟ್ ಮಹಾಸಭೆ ಪ್ರತಿ ಧರ್ಮಕೇಂದ್ರವೂ ಜ್ಞಾನಸ್ನಾನ ಮತ್ತು ಮದುವೆಗಳ ದಫ್ತರ ಇಡಬೇಕೆಂದು ವಿಧಿಸಿತು. ಮಗುವಿನ ಹೆಸರು, ತಂದೆತಾಯಿಯ ಹೆಸರು, ಜ್ಞಾನ ತಂದೆತಾಯಿಯ ಹೆಸರು, ತಾರೀಖು, ಪಾದ್ರಿಯ ರುಜು ಎಲ್ಲವೂ ಒಂದೇ ಸಾಲಿನಲ್ಲಿ. ಬೀದರಿನಲ್ಲಿ ಜ್ಞಾನಸ್ನಾನ ಪಡೆದವನು ಹೈದರಾಬಾದಿನಲ್ಲಿ ಮದುವೆಯಾದರೆ ಇಲ್ಲಿನ ಪಾದ್ರಿ ಅಲ್ಲಿಗೆ ತಿಳಿಸಬೇಕು. ಅಲ್ಲಿನವರು ಹಳೆಯ ದಫ್ತರದ ಅಂಚಿನಲ್ಲಿ ಮದುವೆಯ ವಿವರ ಬರೆದುಕೊಳ್ಳಬೇಕು. ಮೂವತ್ತು ವರ್ಷ ಲೆಡ್ಜರ್ ತಿರುವಿದ ಈ ಕೈಗೆ ಆ ಶಿಸ್ತಿನ ಬೆಲೆ ಗೊತ್ತು. ಬೀದರ್ ಮೂಲದ ಕಥೋಲಿಕ ಸಹೋದ್ಯೋಗಿಯೊಬ್ಬರಿಗೆ ತೀರಿಹೋದ ತಂದೆಯ ಜನ್ಮದಿನದ ದಾಖಲೆ ಬೇಕಾಗಿತ್ತು. ಎಲ್ಲೆಲ್ಲೋ ಅಲೆದು ಸಿಗದಿದ್ದದ್ದು ಊರಿನ ಚರ್ಚಿನಲ್ಲಿ ಅರ್ಧ ಗಂಟೆಯಲ್ಲಿ ಸಿಕ್ಕಿತು. ಆ ಪುಟದ ಅಂಚಿನಲ್ಲಿ ತಂದೆಯ ಮದುವೆ ನಡೆದ ಹೈದರಾಬಾದಿನ ಚರ್ಚಿನ ಹೆಸರೂ ಇತ್ತು. 'ನಮ್ಮಪ್ಪ ಇಲ್ಲಿಗೆ ಬಂದದ್ದಕ್ಕೆ ಒಂದು ಗುರುತು ಸಿಕ್ಕಿತಲ್ಲ' ಎಂದು ಅವರು ಕಣ್ಣೊರೆಸಿಕೊಂಡರು.

ಇನ್ನು ನಮ್ಮ ಸಂಘಗಳ ಸ್ಥಿತಿ ನೋಡಿ. ನಾವು ಸದಸ್ಯರಾಗಿರುವ ಸಂಘವೊಂದು ಸ್ಮರಣ ಸಂಚಿಕೆ ತರಲು ಹೊರಟಾಗ ಸ್ಥಾಪನೆಯ ವರ್ಷ ಯಾವುದೆಂದು ಮೂವರು ಹಿರಿಯರನ್ನು ಕೇಳಿದೆವು. ಮೂರು ಉತ್ತರ ಬಂದವು. ಹಳೆಯ ನಡವಳಿ ಪುಸ್ತಕ ಯಾರದೋ ಮನೆಯ ಅಟ್ಟದಲ್ಲಿತ್ತಂತೆ, ಮನೆ ಬದಲಿಸುವಾಗ ರದ್ದಿಗೆ ಹೋಯಿತಂತೆ. ಆ ಮೂವರಲ್ಲಿ ಇಬ್ಬರು ಈಗಿಲ್ಲ. 1956ಕ್ಕೆ ಮುಂಚೆ ಬಂದ ತಲೆಮಾರು ವರ್ಷ ವರ್ಷಕ್ಕೆ ಕರಗುತ್ತಿದೆ. ರಾಜ್ಯೋತ್ಸವದ ಶಾಮಿಯಾನಕ್ಕೆ ಹಣ ಕೂಡಿಸುವ ನಾವು ನೂರು ಪುಟದ ಒಂದು ರಿಜಿಸ್ಟರಿಗೆ ಮನಸ್ಸು ಮಾಡಲಿಲ್ಲ.

ಇನ್ನೊಂದು ಕಹಿ ಮಾತನ್ನೂ ಹೇಳಬೇಕು. ಮಂಗಳೂರಿನಿಂದ, ಬೀದರಿನಿಂದ ಬಂದ ಕ್ರೈಸ್ತ ಬಂಧುಗಳನ್ನು 'ಅವರಿಗೆ ಅವರ ಚರ್ಚಿದೆ' ಎಂದು ಎಷ್ಟೋ ಸಲ ನಾವೇ ಬಿಟ್ಟುಬಿಟ್ಟಿದ್ದೇವೆ. ಆಮಂತ್ರಣ ಪತ್ರಿಕೆ ಹಂಚುವಾಗ ಅವರ ಮನೆ ನೆನಪಾಗುವುದಿಲ್ಲ. ಹೈದರಾಬಾದಿನ ಕನ್ನಡಿಗರ ಇತಿಹಾಸ ಬರೆಯುವಾಗ ಅವರನ್ನು ಬಿಟ್ಟರೆ ಲೆಕ್ಕ ತಾಳೆಯಾಗುವುದಿಲ್ಲ.

ಆದ್ದರಿಂದ ಸಂಘಗಳ ಪದಾಧಿಕಾರಿಗಳಲ್ಲಿ ನಮ್ಮ ವಿನಂತಿ ಇಷ್ಟೆ. ಪ್ರತಿ ಸಂಘವೂ ಒಂದು ಕುಟುಂಬ ದಫ್ತರ ತೆರೆಯಲಿ. ಮೂಲ ಊರು, ಬಂದ ವರ್ಷ, ಬಂದ ಕಾರಣ, ಮೊದಲು ಇಳಿದ ಬಡಾವಣೆ, ಈ ನಾಲ್ಕು ವಿವರ ಸಾಕು. ಎಪ್ಪತ್ತು ದಾಟಿದ ಹಿರಿಯರ ಮನೆಗೆ ಮೊದಲು ಹೋಗೋಣ. ಚರ್ಚಿನ ದಫ್ತರ ಎಲ್ಲರೂ ತೆರೆದು ನೋಡುವಂಥದ್ದಲ್ಲ. ಆದರೆ ಕಥೋಲಿಕ ಕುಟುಂಬಗಳು ತಮ್ಮವರ ದಾಖಲೆಯನ್ನು ಪಾದ್ರಿಗಳಲ್ಲಿ ಕೇಳಿ ಪಡೆಯಬಹುದು. ಅವರು ಇಷ್ಟಪಟ್ಟು ಕೊಟ್ಟ ವಿವರವೂ ನಮ್ಮ ದಫ್ತರ ಸೇರಲಿ. ಪ್ರತಿ ಜನವರಿಯ ಸಭೆಯಲ್ಲಿ ಹಳೆಯ ಪುಟ ಓದಿ ಹೊಸ ಹೆಸರು ಸೇರಿಸುವ ಪದ್ಧತಿ ಬರಲಿ.

ಈ ಸಲ ದೀಪಾಲಂಕಾರ ನೋಡಲು ಹೋದವರು ಪರಿಚಯದ ಒಂದು ಕನ್ನಡ ಕ್ರೈಸ್ತ ಮನೆಗೂ ಹೋಗಿ ಬನ್ನಿ. ಹಬ್ಬದ ಶುಭಾಶಯ ಹೇಳಿ, ಹಾಗೆಯೇ ಕೇಳಿ: ನಿಮ್ಮ ಹಿರಿಯರು ಯಾವ ಊರಿನವರು, ಯಾವ ವರ್ಷ ಬಂದರು? ದಫ್ತರದ ಮೊದಲ ಸಾಲು ಅಲ್ಲಿಂದಲೇ ಆರಂಭವಾಗಲಿ.